ತಲೆ ಎಣಿಕೆ

"ಎಣಿಸಿ," ಎಂದ ಡೇನ್ ಪೆನ್ರೋಸ್, ಅಂಪೈರನ ಮುಂದೆ ಕೈ ಎತ್ತಿ. "ಇವರ ತಂಡದ ತಲೆ ಎಣಿಸಿ. ಈಗಲೇ."

ಅಂಪೈರ್ ಸೀಟಿ ಊದಿದ. ಗಡಿಯಾರ ನಿಂತಿತು. ಮೈದಾನದ ಸುತ್ತ ಬಿಸಿ ಪೈ ಕಚ್ಚುತ್ತಿದ್ದ ಬಾಯಿಗಳೂ ನಿಂತವು. ತಂಡಕ್ಕೆ ಹದಿನೆಂಟು ಜನರ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯದಲ್ಲಿ ಹಾರ್ಬರ್ ಫ್ಲಾಟ್ ನಾಲ್ಕು ಪಾಯಿಂಟ್ ಮುಂದಿತ್ತು. ಆಟ ಮುಗಿಯಲು ಎರಡು ನಿಮಿಷವೂ ಉಳಿದಿರಲಿಲ್ಲ. ಏಪ್ರಿಲಿನಿಂದ ಆಡಿದ ಪಂದ್ಯಗಳನ್ನೆಲ್ಲ ಶ್ರದ್ಧೆಯಿಂದ ಸೋತುಕೊಂಡು ಬಂದ ತಂಡಕ್ಕೆ, ಸೀಸನ್ನಿನ ಕೊನೆಯ ಶನಿವಾರ, ಮೊದಲ ಸಲ ಗೆಲುವಿನ ವಾಸನೆ ಬಡಿದಿತ್ತು. ಪೆನ್ರೋಸ್ ನಾಯಕನಾಗಿದ್ದ ತಂಡವೋ, ಇದೊಂದು ಸೋತರೆ ಫೈನಲ್ಸ್‌ನಿಂದ ಹೊರಗೆ.

"ಯಾಕಪ್ಪಾ, ಸೋತು ಅಭ್ಯಾಸ ಇಲ್ವಾ? ನಮ್ಮ ಹತ್ರ ಟ್ಯೂಷನ್‌ಗೆ ಬಾ," ಎಂದ ಹಾರ್ಬರ್ ಫ್ಲಾಟಿನ ನಾಯಕ ಕ್ಲೆಮ್ ನೋಸ್ಕಿ. ನಗಲು ನೋಡಿದ, ತುಟಿ ಒಪ್ಪಲಿಲ್ಲ.

"ನಮ್ಮ ಹದಿನೆಂಟು ಜನಕ್ಕೂ ನಿಮ್ಮೋನು ಒಬ್ಬೊಬ್ಬ ಅಂಟ್ಕೊಂಡಿದ್ದಾನೆ ಕ್ಲೆಮ್. ಆದ್ರೂ ಇನ್ನೊಬ್ಬ ಖಾಲಿ ಓಡಾಡ್ತಿದ್ದಾನೆ. ಹತ್ತೊಂಬತ್ತು ಸಿಕ್ಕಿದ್ರೆ ಗೊತ್ತಲ್ಲ? ಇಲ್ಲೀವರೆಗೆ ಹೊಡೆದ ಗೋಲೆಲ್ಲ ಸೊನ್ನೆ."

ಕ್ಲೆಮ್‌ಗೆ ನಿಯಮವೂ ಗೊತ್ತಿತ್ತು, ಹತ್ತೊಂಬತ್ತನೆಯವನು ಯಾರೆಂಬುದೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ಕೋಚ್‌ನ ಮಾತು ಆಟಗಾರರಿಗೆ ಮುಟ್ಟಿಸುವ ಮಾರ್ಲಿ ಮೈದಾನದೊಳಗೆ ಓಡಿಬಂದಿದ್ದಳು. "ಕುಂಟ್ತಾ ಇದ್ದೀಯಂತೆ, ಹೊರಗೆ ಬರಬೇಕಂತೆ." "ಬಂದೆ ಅಂತ ಹೇಳು," ಎಂದಿದ್ದ ಕ್ಲೆಮ್. ಅವಳು ಬೆಂಚಿನ ಕಡೆ ಹೆಬ್ಬೆರಳೆತ್ತಿದಳು. ನಾಯಕ ಗೆರೆ ದಾಟುವುದನ್ನೂ ಕಾಯದೆ ಬದಲಿ ಆಟಗಾರ ಒಳಗೆ ಜಿಗಿದ. ಅಷ್ಟರಲ್ಲಿ ಚೆಂಡು ಕ್ಲೆಮ್‌ನ ಕಡೆಗೇ ಬಂತು. ಇದು ಅವನ ಕೊನೆಯ ಪಂದ್ಯ. ಕೊನೆಯ ಸೈರನ್ ಕೂಗುವಾಗ ಬೆಂಚಿನ ಮೇಲೆ ಕಂಬಳಿ ಹೊದ್ದು ಕೂರುವ ಮನಸ್ಸಿರಲಿಲ್ಲ. ಇನ್ನೊಂದೇ ಒದೆತ ಅಂದುಕೊಂಡ. ಆಮೇಲೆ ಇನ್ನೊಂದೇ.

"ಹಾರ್ಬರ್ ಫ್ಲಾಟ್, ಎಲ್ಲ ಮಧ್ಯಕ್ಕೆ ಬಂದು ಸಾಲಾಗಿ ನಿಲ್ಲಿ," ಎಂದು ಅಂಪೈರ್ ಕೂಗಿದ. "ಕ್ಯಾಪ್ಟನ್‌ಗಳಿಬ್ರೂ ನನ್ನ ಜೊತೆಗೇ ಬನ್ನಿ. ಆಮೇಲೆ ನನ್ನ ಲೆಕ್ಕ ತಪ್ಪು ಅಂತ ಯಾರೂ ಬಾಯಿ ಬಿಡಬಾರದು."

ಸಾಲು ನಿಂತಿತು. ಅಂಪೈರ್ ಒಬ್ಬೊಬ್ಬನ ಭುಜ ಮುಟ್ಟುತ್ತ ನಡೆದ. ಅವನ ಒಂದು ಪಕ್ಕ ಪೆನ್ರೋಸ್, ಇನ್ನೊಂದು ಪಕ್ಕ ಕ್ಲೆಮ್. ಪೆನ್ರೋಸನ ತುಟಿಯೂ ಜೊತೆಜೊತೆಗೆ ಅಲುಗುತ್ತಿತ್ತು. ಹನ್ನೆರಡು. ಹದಿಮೂರು. ತನ್ನ ಎದೆಬಡಿತವೂ ಎಣಿಕೆಗೆ ಸಿಕ್ಕಿಬಿಟ್ಟೀತೆಂದು ಕ್ಲೆಮ್ ಉಸಿರು ಹಿಡಿದ. ಹದಿನಾರು. ಹದಿನೇಳು.

"ಹದಿನೆಂಟು," ಎಂದ ಅಂಪೈರ್. ಸಾಲು ಅಲ್ಲಿಗೆ ಮುಗಿದಿತ್ತು. "ಸರಿಯಾಗಿದೆ."

ಅಂಪೈರನ ಪಕ್ಕದಲ್ಲೇ, ಸಾಲಿನವರದೇ ಬಣ್ಣದ ಅಂಗಿ ತೊಟ್ಟು ಬೆವರು ಸುರಿಸುತ್ತಿದ್ದವನನ್ನು ಎಣಿಸಿದವನೂ ಎಣಿಸಲಿಲ್ಲ, ಎಣಿಸಿ ಎಂದವನೂ ಎಣಿಸಲಿಲ್ಲ. ಕ್ಲೆಮ್ ಬಾಯಿ ತೆರೆದ. ಎದುರಿಗಿದ್ದವು ಚಳಿಗಾಲವಿಡೀ ಕೆಸರು ತಿಂದ ಮುಖಗಳು, ಅವನನ್ನೇ ನೋಡುತ್ತಿದ್ದವು. ಬಾಯಿ ಮುಚ್ಚಿಕೊಂಡ.

"ಅವರು ಸುಮ್ಮನೆ ಆಟ ನಿಲ್ಲಿಸಿದ್ದಕ್ಕೆ ಚೆಂಡು ನಿಮಗೇ," ಎಂದು ಅಂಪೈರ್ ಅದನ್ನು ತಂದು ಅವನ ಕೈಯಲ್ಲೇ ಇಟ್ಟ. ಕ್ಲೆಮ್ ಅದನ್ನು ಒಲೆಯಿಂದ ತೆಗೆದ ಪಾತ್ರೆಯಂತೆ ಹತ್ತಿರದವನಿಗೆ ದಾಟಿಸಿ, ಕುಂಟುತ್ತ ಹೊರಗೆ ನಡೆದ.

"ಈಗ ಬಂದ್ಯಾ, ಮಹಾರಾಜ?" ಎಂದ ಕೋಚ್. ಕಂಬಳಿ ಕೊಟ್ಟ. ಸೈರನ್ ಕೂಗಿದಾಗ ಕ್ಲೆಮ್ ಅದರೊಳಗೇ ಕೂತಿದ್ದ.

ಕಾರುಗಳ ಹಾರ್ನ್, ಅಪ್ಪುಗೆ, ಅಳು ಎಲ್ಲ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ಪೆನ್ರೋಸ್ ಕಾಯುತ್ತಿದ್ದ. ಕೈ ಚಾಚಿದ.

"ತಪ್ಪಾಯ್ತು ಮಾರಾಯ. ಹದಿನೆಂಟೇ ಇದ್ರಿ." ಹಿಡಿದ ಕೈಯನ್ನು ಬಿಡಲಿಲ್ಲ. "ಒಂದು ಕೇಳ್ಲಾ? ಆಗಿಂದ ತಲೆ ಕೊರೀತಿದೆ. ಆ ಸಾಲಲ್ಲಿ ನೀನು ಎಷ್ಟನೆಯವನು?"

ಒಳಗೆ ಹುಡುಗರು ಹೆಗಲ ಮೇಲೆ ಕೈಹಾಕಿ ದುಂಡಗೆ ನಿಂತು ಗೆಲುವಿನ ಹಾಡು ಶುರುಮಾಡಿದ್ದರು. ಈ ವರ್ಷ ಅದನ್ನು ಹಾಡುವ ಸಂದರ್ಭವೇ ಬಂದಿರಲಿಲ್ಲವಾದ್ದರಿಂದ ಮೊದಲ ಸಾಲಿಗೇ ನಿಂತುಹೋಯಿತು.

"ಕ್ಲೆಮ್! ಎರಡನೇ ಸಾಲು ಏನೋ? ಬೇಗ ಹೇಳೋ!"

"ಹೇಳು, ಹೇಳು," ಎಂದ ಪೆನ್ರೋಸ್. "ನಾನೂ ಕೇಳ್ತೀನಿ."

ಎರಡನೆಯ ಸಾಲು ಕ್ಲೆಮ್‌ಗೆ ನಿದ್ದೆಯಲ್ಲೂ ಬರುತ್ತಿತ್ತು: ಹದಿನೆಂಟು ಎದೆ, ಒಂದೇ ಉಸಿರು.