ಕರುಳಿನ ಸಾಕ್ಷಿ

ತಲೆಗೆ ಸಣ್ಣ ಏಟು ಬಿದ್ದರೂ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತವೆಂದು, ಸರಕಾರ ಮದುವೆಯಾದ ಹೆಂಗಸರ ಮಲವನ್ನು ತಿಂಗಳಿಗೊಮ್ಮೆ ಪರೀಕ್ಷಿಸುತ್ತಿತ್ತು. ಏಟು ಕಂಡರೆ ಗಂಡನಿಗೆ ಜೈಲು. ಶೇಖಪ್ಪ ಹೆಂಡತಿ ಫಕೀರವ್ವನ ತಲೆಯನ್ನು ಗೋಡೆಗೆ ಅಪ್ಪಳಿಸಿದ ಮರುದಿನವೇ ಬ್ಯಾಕ್ಟೀರಿಯಾ ಸರಿಮಾಡುವ ಮಾತ್ರೆ ತಂದು, ವಾರವಿಡೀ ಎದುರು ಕೂತು ನುಂಗಿಸಿದ.

ಪರೀಕ್ಷೆಯ ದಿನವೂ ಅವಳಿಗೆ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಕೂಸು ಅತ್ತರೆ ತಲೆ ಸಿಡಿಯುತ್ತಿತ್ತು.

"ತಲೀಗೆ ಹೊಡದಾನ್ರೀ ಅಕ್ಕಾರ," ಎಂದು ಮನೆಗೆ ಬಂದ ನರ್ಸಿನ ಕೈ ಹಿಡಿದಳು.

ನರ್ಸ್ ಮಲಪರೀಕ್ಷೆಯ ಯಂತ್ರದಲ್ಲಿ ಏಟಿಲ್ಲವೆಂದು ಹೊತ್ತಿದ ಹಸಿರು ದೀಪ ನೋಡಿದಳು. "ಹೊಟ್ಟಿ ಸುಳ್ಳ ಹೇಳೂದಿಲ್ಲವ್ವಾ. ಸುಮ್ಮಸುಮ್ಮನ ದೂರು ಕೊಟ್ರ ನಿನ್ನ ಮ್ಯಾಲೇ ಕೇಸ್ ಆಕ್ಕೈತಿ."

ಫಕೀರವ್ವ ಪರೀಕ್ಷೆಯ ಕಾಗದದ ಮೇಲೆ ನರ್ಸ್ ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು.

"ಚಾ ಕುಡದು ಹೋಗ್ರಿ ಅಕ್ಕಾರ," ಎಂದ ಬಾಗಿಲಲ್ಲಿ ನಿಂತಿದ್ದ ಶೇಖಪ್ಪ. ಫಕೀರವ್ವ ಕಣ್ಣು ಮುಚ್ಚಿಕೊಂಡೇ ಒಲೆ ಹೊತ್ತಿಸಿದಳು.