ಬೇರಿರುವ ಕಡೆ

ಮೀಟರು ಒಂಬತ್ತು ತೋರಿಸಿತು. ಮಣ್ಣು ಪರೀಕ್ಷೆಯ ಅಧಿಕಾರಿ ಅದರ ಕಡ್ಡಿ ಒರೆಸಿ, ಮಣ್ಣು ಕಲಕಿದ ನೀರಿಗೆ ಇನ್ನೊಮ್ಮೆ ಅದ್ದಿದ. ಒಂಬತ್ತೇ. ನಾಲ್ಕು ದಾಟಿದರೆ ಅದು ಉಪ್ಪು ನೆಲ, ಉಪ್ಪು ನೆಲಕ್ಕೆ ಕಾಲುವೆ ನೀರು ಬಂದ್. ಈ ವರ್ಷದ ನಿಯಮ ಅಷ್ಟೇ.

ಪರೀಕ್ಷೆಗೆ ಅರ್ಜಿ ಕೊಟ್ಟಿದ್ದ, ಹೊಲದೊಡತಿಯ ಮೈದುನ ಬದುವಿನ ಮೇಲೆ ನಿಂತು ಮೀಸೆಯಡಿ ನಕ್ಕ. ಅತ್ತಿಗೆಯ ನೀರಿನ ಸರದಿ ತಪ್ಪಿದರೆ ಆ ನೀರು ಪಕ್ಕದ ಅವನ ಹೊಲಕ್ಕೇ. ಅಣ್ಣ ಸತ್ತ ಮೇಲೆ ಪಾಲಾದಾಗ, ಬೆಳ್ಳಗೆ ಉಪ್ಪು ಕಟ್ಟಿದ್ದ ಈ ಎರಡೆಕರೆಯನ್ನು ಅವಳ ತಲೆಗೆ ಕಟ್ಟಿದವನೂ ಅವನೇ. ಅಂದಿನಿಂದ ಊರಿಗೆಲ್ಲ ಅವಳು ಉಪ್ಪಕ್ಕ.

ಹತ್ತಿ ಗಿಡ ಮೊಣಕಾಲುದ್ದ ಹಸಿರಾಗಿ ನಿಂತಿದೆಯಲ್ಲ ಎಂದು ಅಧಿಕಾರಿಗೇ ಅನುಮಾನ. ಅದು ಅಂಗಡಿಯಿಂದ ತಂದ ಚೀಲದ ರಾಸಾಯನಿಕ ಗೊಬ್ಬರದ ಥಳಕು, ಇನ್ನೊಂದು ತಿಂಗಳಲ್ಲಿ ಸುಟ್ಟುಹೋಗುತ್ತದೆ ಎಂದ ಮೈದುನ. ಅಧಿಕಾರಿ ಪೆನ್ನು ತೆಗೆದ.

"ಪೆನ್ನು ಜೇಬಲ್ಲಿಡಿ ಸಾರ್," ಎಂದಳು ಉಪ್ಪಕ್ಕ. "ಮಣ್ಣು ಎಲ್ಲಿಂದ ತೆಗೆದ್ರಿ?"

"ಮೀಟರಿಗೂ ಬೈತೀರಾ ಅತ್ತಿಗೆ?" ಎಂದ ಮೈದುನ.

ಬೋದಿನ ನೆತ್ತಿಯಿಂದ ಎಂದ ಅಧಿಕಾರಿ. ಎರಡು ಸಾಲುಗಳ ನಡುವೆ ಏರಿಸಿದ ಮಣ್ಣಿನ ದಿಂಡೇ ಬೋದು. ಎಲ್ಲರೂ ಬೀಜ ಊರುವುದು ನೆತ್ತಿಯಲ್ಲೇ, ಅದಕ್ಕೇ ಅಲ್ಲಿಂದ ತೆಗೆಸಿದೆ ಎಂದು ಮೈದುನ ಮತ್ತೆ ಬಾಯಿ ಹಾಕಿದ.

"ಎಲ್ಲರೂ ಅಲ್ಲೇ ಊರ್ತಾರೆ, ಅದಕ್ಕೇ ಎಲ್ಲರ ಗಿಡಾನೂ ಸಾಯುತ್ತೆ. ಸಾಲಿಗೆ ನೀರು ಬಿಟ್ರೆ ಉಪ್ಪೆಲ್ಲ ಮೇಲೆ ಹತ್ತಿ ನೆತ್ತೀಲಿ ಕೂರುತ್ತೆ. ನನ್ನ ಗಿಡ ಎಲ್ಲಿದೆ, ಕಣ್ಣು ಬಿಟ್ಟು ನೋಡು. ಬೇರಿರೋ ಕಡೆ ಅಗೀರಿ ಸಾರ್."

ಗಿಡಗಳು ನೆತ್ತಿಯಲ್ಲಿರಲಿಲ್ಲ. ಬೋದಿನ ಪಕ್ಕೆಯಲ್ಲಿ, ನೀರಿನ ಗೆರೆಗಿಂತ ನಾಲ್ಕು ಬೆರಳು ಮೇಲೆ ಸಾಲಾಗಿ ನಿಂತಿದ್ದವು. ಅಧಿಕಾರಿ ಮಂಡಿಯೂರಿ ಬುಡದಲ್ಲಿ ಅಗೆದ. ಹಿಡಿದರೆ ಪುಡಿಪುಡಿಯಾಗಿ ಉದುರುವ ಮಣ್ಣು, ಅದರೊಳಗೊಂದು ಎರೆಹುಳು. ಏನು ಮಾಡಿದಿರಿ ಎಂದು ಕೇಳಿದ. ಒಡ್ಡು ಕಟ್ಟಿ ನೀರು ನಿಲ್ಲಿಸಿ ಉಪ್ಪನ್ನು ಬಸಿಗಾಲುವೆಗೆ ತೊಳೆದದ್ದು, ಸೆಣಬು ಬೆಳೆದು ಹಸಿರಿದ್ದಾಗಲೇ ಉತ್ತು ಮುಚ್ಚಿದ್ದು, ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಚೀಲದ ಗೊಬ್ಬರವನ್ನು ಅರ್ಧಕ್ಕಿಳಿಸಿ ಮೂರು ಕಂತಿನಲ್ಲಿ ಕೊಟ್ಟದ್ದು, ಮೂರು ವರ್ಷದ ದುಡಿಮೆಯನ್ನೆಲ್ಲ ಅವಳು ಬೈಯುತ್ತಲೇ ಹೇಳಿದಳು. ಬರೀ ಸಗಣಿ ಹಾಕುವವರೂ ಬರೀ ಚೀಲ ಸುರಿಯುವವರೂ ಸೇರಿ ನಕ್ಕಿದ್ದರಂತೆ.

"ಬರೀ ಚೀಲ ಸುರಿದ್ರೆ ಉಪ್ಪಿನ ಮೇಲೆ ಉಪ್ಪು. ಬರೀ ಸಗಣಿ ಹಾಕಿದ್ರೆ ಗಿಡಕ್ಕೆ ಅರೆಹೊಟ್ಟೆ. ನಗೋರು ನಗ್ಲಿ, ನಾನು ಎರಡೂ ಹಾಕಿದೆ."

ಮಣ್ಣು ಕಲಕಿದ ನೀರಿಗೆ ಕಡ್ಡಿ ಇಳಿಯಿತು. ಮೂವರೂ ತಲೆ ಬಗ್ಗಿಸಿದರು. ಎರಡೂವರೆ. ಅಧಿಕಾರಿ ಇನ್ನೂ ನಾಲ್ಕು ಕಡೆ ಅಗೆದ. ಎಲ್ಲೂ ಮೂರು ದಾಟಲಿಲ್ಲ.

ಅಲ್ಲೇ ನಿಂತು ನೀರು ಮಂಜೂರು ಎಂದು ಬರೆದು ಸಹಿ ಹಾಕಿದ. ಬಂದದ್ದು ಬಂದಾಗಿದೆ, ಅರ್ಜಿದಾರರ ಹೊಲವನ್ನೂ ನೋಡಿಬಿಡೋಣವೇ ಎಂದ. ಮೈದುನನಿಗೆ ತಟ್ಟನೆ ಮನೆಯಲ್ಲಿ ಕೆಲಸ ನೆನಪಾಯಿತು.

ಅವನ ಮನೆಗೆ ಅಡ್ಡದಾರಿ ಇದೇ ಹೊಲದ ನಡುವೆ. ಬೆಳೆ ಎದ್ದ ಮೇಲೂ ಹಠಕ್ಕೆ ಅಲ್ಲೇ ತುಳಿದು ಹೋಗುತ್ತಿದ್ದ. ಇವತ್ತೂ ಒಂದು ಕಾಲು ಎತ್ತಿದ. ಉಪ್ಪಕ್ಕ ಆ ಕಾಲನ್ನೇ ನೋಡಿದಳು. ಎತ್ತಿದ ಕಾಲನ್ನು ಹಿಂದಕ್ಕಿಟ್ಟು, ಬದು ಹಿಡಿದು, ಅವನು ಎರಡೆಕರೆಯನ್ನೂ ಸುತ್ತಿಕೊಂಡು ಹೋದ.