ಮೂರನೇ ಪುಟ

'ನಿಮ್ಮ ಫೈಲ್ ಈ ಫೋನಿನಿಂದ ಹೊರಗೆ ಹೋಗುವುದಿಲ್ಲ' ಎಂಬ ಸಾಲನ್ನು ಪಿಡಿಎಫ್ ಪುಟ ಬಿಡಿಸುವ ವೆಬ್‌ಸೈಟಿನಲ್ಲಿ ಎರಡು ಸಲ ಓದಿದ ಮೇಲೆಯೇ ಸಂಘಮಿತ್ರಾ ಅಪ್ಪನ ಸ್ಕ್ಯಾನ್ ರಿಪೋರ್ಟಿನ ಪಿಡಿಎಫ್‌ನಿಂದ ಮೂರನೇ ಪುಟವನ್ನು ಬೇರ್ಪಡಿಸಿದಳು. ಕ್ಯಾನ್ಸರ್ ಎಂದು ಬರೆದಿದ್ದುದು ಅದರಲ್ಲೇ. ಉಳಿದೆರಡನ್ನು ತರೀಕೆರೆ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮನೆಗೆ ತಂದಳು.

"ಏನೂ ಇಲ್ವಂತೆ ಕಣಪ್ಪಾ. ಬರೀ ಗ್ಯಾಸ್ಟ್ರಿಕ್ಕು."

ಹಾಲಪ್ಪ ಬದುಕಿಡೀ ಪುಸ್ತಕಗಳಿಗೆ ಬೈಂಡಿಂಗ್ ಹಾಕಿದವನು. ಹಾಳೆ ಕೈಗೆ ಬಂದರೆ ಅವನ ಹೆಬ್ಬೆರಳು ತಾನಾಗಿಯೇ ಪುಟಸಂಖ್ಯೆಯ ಮೂಲೆಗೆ ಸರಿಯುತ್ತಿತ್ತು. ಒಂದರಲ್ಲಿ 'ಪುಟ 1, ಒಟ್ಟು 3' ಎಂದಿತ್ತು. ಇನ್ನೊಂದರಲ್ಲಿ 'ಪುಟ 2, ಒಟ್ಟು 3'. ಎರಡನ್ನೂ ತೊಡೆಯ ಮೇಲೆ ತಟ್ಟಿ ಅಂಚು ಸಮ ಮಾಡಿದ.

ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಇನ್ನೊಂದು ಹಾಳೆ ನಿನ್ ಫೋನಲ್ಲೇ ಇರ್ಲಿ ಮಗಾ. ನಿಮ್ಮವ್ವಂಗೆ ಗೊತ್ತಾಗೋದು ಬ್ಯಾಡ."